ಅತ್ತೆಯ ಖಾತೆಗೆ ಬಂದ ಎರಡು ಸಾವಿರ: ಒಂದು ಮನೆಯ ಹದಿನೆಂಟು ತಿಂಗಳು

ಗೃಹಲಕ್ಷ್ಮಿ ಹಣದ ಮಾತು ಬಂದಾಗಲೆಲ್ಲ ಜನರಿಂದ ಎರಡು ಪ್ರಶ್ನೆ ಕೇಳಿಬರುತ್ತವೆ. ಜನ ದುಡಿಯೋದು ಬಿಡ್ತಾರಾ? ಅಷ್ಟು ದುಡ್ಡಲ್ಲಿ ಏನಾಗುತ್ತೆ? ನಾನು ಮಹಿಳಾ ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುವವಳು. ಒಂದು ಮನೆಯನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಮೂರನೆಯ ಪ್ರಶ್ನೆಯೇ ದೊಡ್ಡದಾಗಿ ಕಂಡಿತು. ದುಡ್ಡು ಯಾವತ್ತು ಬರುತ್ತದೆ?

ಇಲ್ಲಿ ಬರುವ ಹೆಸರುಗಳು ನಿಜವಾದವಲ್ಲ. ಊರಿನ ಗುರುತು ಸಿಗುವಂಥ ವಿವರ ತೆಗೆದಿದ್ದೇನೆ. ಬರೆದದ್ದನ್ನು ಆ ಮನೆಯವರಿಗೆ ಓದಿ ಹೇಳಿದ್ದೇನೆ. ಅವರು ಒಪ್ಪಿದ್ದಾರೆ.

ಮನೆ

ಬಯಲುಸೀಮೆಯ ಒಂದು ಹಳ್ಳಿ. ಮನೆಯಲ್ಲಿ ಐದು ಜನ. ಅತ್ತೆ ಗಂಗಮ್ಮನಿಗೆ 68 ವರ್ಷ. ಸೊಸೆ ಸವಿತಾಗೆ 38. ಸವಿತಾಳ ಗಂಡ ಗಾರೆ ಕೆಲಸಕ್ಕೆ ಹೋಗುತ್ತಾರೆ. ಮಗಳು ಆಗ ಎರಡನೇ ಪಿಯುಸಿಯಲ್ಲಿದ್ದಳು, ಮಗ ಎಂಟನೇ ಕ್ಲಾಸು. ಮಳೆ ನಂಬಿದ ಒಂದು ಎಕರೆ ಹೊಲ, ಅದರಲ್ಲಿ ರಾಗಿ. ಉಳಿದ ದಿನ ಸವಿತಾಗೆ ಕೂಲಿ, ಸಿಕ್ಕಾಗ ನರೇಗಾ ಕೆಲಸ. ಗಂಗಮ್ಮನಿಗೆ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ ಬರುತ್ತಿತ್ತು.

ಸಾಲ ಇತ್ತು. ಎರಡು ವರ್ಷದ ಹಿಂದೆ ಗಂಡ ಸಾರುವೆಯಿಂದ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಆಗ ಆಸ್ಪತ್ರೆಗೆಂದು 15,000 ರೂಪಾಯಿ ಕೈಸಾಲ ಮಾಡಿದ್ದರು. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 750. ಬಡ್ಡಿ ಕಟ್ಟುತ್ತಲೇ ಇದ್ದರು, ಅಸಲು ಹಾಗೇ ಇತ್ತು. ನಮ್ಮ ಸಂಘದಿಂದಲೂ ಸವಿತಾ ಒಂದು ಸಾಲ ತೆಗೆದುಕೊಂಡಿದ್ದರು. ಅದು ಮುಗಿಯದೆ ಇನ್ನೊಂದು ಕೊಡುವಂತಿರಲಿಲ್ಲ.

ಇನ್ನೊಂದು ಕಟ್ಟು ಇತ್ತು. ಅದು ಯಾರ ಲೆಕ್ಕದ ಪುಸ್ತಕದಲ್ಲೂ ಕಾಣುತ್ತಿರಲಿಲ್ಲ. ಕೆಲಸ ಕಮ್ಮಿ ಇರುವ ತಿಂಗಳಲ್ಲಿ ಸವಿತಾ ಒಬ್ಬ ಜಮೀನುದಾರರ ಹತ್ತಿರ ಮುಂಗಡ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಅವರ ಹೊಲದಲ್ಲೇ ದುಡಿದು ತೀರಿಸಬೇಕು. ಊರಿನಲ್ಲಿ ಹೆಣ್ಣಾಳಿಗೆ 350 ನಡೆಯುತ್ತಿದ್ದಾಗ ಮುಂಗಡ ತೆಗೆದುಕೊಂಡವರಿಗೆ 250 ಹಾಕುತ್ತಿದ್ದರು. ಕಳೆ ತೆಗೆಯುವ ಹೊತ್ತಿನಲ್ಲಿ ಬೇರೆಯವರು ಜಾಸ್ತಿ ಕೂಲಿ ಕೊಡುತ್ತೇವೆಂದು ಕರೆದರೂ ಸವಿತಾ ಹೋಗುವ ಹಾಗಿರಲಿಲ್ಲ.

ಹಣ ಯಾರದ್ದು ಎಂಬ ಜಗಳ

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಯಜಮಾನಿ ಯಾರು ಅಂದರೆ ರೇಷನ್ ಕಾರ್ಡಿನಲ್ಲಿ ಮುಖ್ಯಸ್ಥೆ ಎಂದು ಯಾರ ಹೆಸರಿದೆಯೋ ಅವರು. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಕಾರ್ಡಿಗೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ. ಹಾಗಾಗಿ ಅತ್ತೆ ಸೊಸೆ ಒಟ್ಟಿಗಿರುವ ಮನೆಗಳಲ್ಲಿ ಹಣ ಹೆಚ್ಚಾಗಿ ಅತ್ತೆಗೆ ಹೋಯಿತು. ಅಕ್ಕಿ ತರುವ ಕಾರ್ಡಿನಲ್ಲಿ ಯಾರ ಹೆಸರು ಮೇಲಿದೆ ಅಂತ ಅಲ್ಲಿಯವರೆಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಇದ್ದಕ್ಕಿದ್ದಂತೆ ಆ ಹೆಸರಿಗೆ ಬೆಲೆ ಬಂತು.

ಸವಿತಾಗೆ ಬೇಜಾರಾಯಿತು. "ಮನೆ ನಡೆಸೋಳು ನಾನು ಅಕ್ಕಾ. ಸಾಲದೋರು ಬಾಗಿಲಿಗೆ ಬಂದ್ರೆ ಮಾತಾಡೋಳು ನಾನು. ದುಡ್ಡು ಮಾತ್ರ ಅವರ್ಗೆ" ಎಂದರು. ನಾನೂ ಅವರ ಪರವೇ ಇದ್ದೆ. ಕಾರ್ಡಿನಲ್ಲಿ ಹೆಸರು ಬದಲಿಸಿ, ಆಗದಿದ್ದರೆ ಬೇರೆ ಕಾರ್ಡ್ ಮಾಡಿಸಿ ಎಂದೆ. ಸುತ್ತಮುತ್ತ ಕೆಲವರು ಹಾಗೆ ಯೋಚಿಸುತ್ತಿದ್ದರು. ಈಗ ನೋಡಿದರೆ ಅದು ಆತುರದ ಸಲಹೆ. ಕಾರ್ಡ್ ಬೇರೆಯಾದರೆ ಒಲೆಯೂ ಬೇರೆಯಾಗುತ್ತಿತ್ತು. 68ರ ಹೆಂಗಸು ಒಬ್ಬರೇ ಆಗುತ್ತಿದ್ದರು. ನಾನು ಅಷ್ಟು ದೂರ ಯೋಚಿಸಿರಲಿಲ್ಲ.

ಅವರನ್ನು ತಡೆದದ್ದು ಸವಿತಾಳ ಮಗಳು. "ಮೊದ್ಲು ಅಜ್ಜಿ ಏನ್ ಮಾಡ್ತಾರೆ ನೋಡೋಣ" ಎಂದಳಂತೆ.

ನೋಡುವುದಕ್ಕೂ ಕಾಯಬೇಕಾಯಿತು. ಗಂಗಮ್ಮನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಪಾಸ್ ಪುಸ್ತಕದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ. ಕೊನೆಗೆ ಅಂಚೆ ಕಚೇರಿಯಲ್ಲಿ ಹೊಸ ಖಾತೆ ತೆರೆದ ಮೇಲೆ ಡಿಸೆಂಬರಿನಲ್ಲಿ ಮೊದಲ ಕಂತು ಬಂತು. ಬೆರಳಚ್ಚು ಒತ್ತಿ ದುಡ್ಡು ತೆಗೆದುಕೊಳ್ಳುವಾಗ ಗಂಗಮ್ಮನ ಬೆರಳು ಮೂರು ಸಲ ಹಿಡಿಯಲಿಲ್ಲ. ಅಷ್ಟು ಸವೆದಿತ್ತು. ನಾಲ್ಕನೇ ಸಲ ಹಿಡಿಯಿತು.

ನೋಟ್‌ಬುಕ್ಕು

ಎರಡು ತಿಂಗಳು ಕಳೆದ ಮೇಲೆ ಸವಿತಾ ಮತ್ತೆ ಸಿಕ್ಕರು. ಮನೆಯಲ್ಲಿ ಏನೂ ಬದಲಾಗಿಲ್ಲ ಎಂದರು. ಅಂಗಡಿಯ ಉದ್ರಿ ಹಾಗೇ ಇದೆ, ಬಡ್ಡಿ ಹಾಗೇ ಇದೆ. ಅತ್ತೆ ದುಡ್ಡು ಕೂಡಿಟ್ಟುಕೊಳ್ಳುತ್ತಿದ್ದಾರೆ ಅನ್ನುವುದು ಅವರ ಅನುಮಾನ. ನಾನು ಮಗಳಿಗೆ ಒಂದು ನೋಟ್‌ಬುಕ್ ಕೊಟ್ಟೆ. ಮನೆಗೆ ಬಂದದ್ದು, ಮನೆಯಿಂದ ಹೋದದ್ದು, ಎರಡನ್ನೂ ದಿನಾ ಬರೆಯಲು ಹೇಳಿದೆ. ಹಿಂದಿನ ತಿಂಗಳುಗಳದ್ದನ್ನು ಎಲ್ಲರೂ ಕೂತು ನೆನಪಿನಿಂದ ಬರೆಸಿದರು.

ಲೆಕ್ಕ ಬೇರೆಯೇ ಹೇಳಿತು. ಗಂಗಮ್ಮ ತಮಗೆಂದು ಇಟ್ಟುಕೊಂಡದ್ದು ತಿಂಗಳಿಗೆ 200 ರೂಪಾಯಿ. ಎಲೆ ಅಡಿಕೆಗೆ, ಮೊಮ್ಮಕ್ಕಳ ಕೈಗೆ, ಪಕ್ಕದ ಊರಿನ ಮಗಳ ಮನೆಗೆ ಬರಿಗೈಲಿ ಹೋಗಬಾರದೆಂದು ಒಂದಿಷ್ಟು. ಉಳಿದ 1,800 ಮನೆಗೇ ಹೋಗಿತ್ತು. ಕಮ್ಮಿಯಾದದ್ದು ಬೇರೆ ಕಡೆ. ಮೊದಲು ತಿಂಗಳಿಗೆ ಸುಮಾರು 6,000 ಮನೆಗೆ ಕೊಡುತ್ತಿದ್ದ ಸವಿತಾಳ ಗಂಡ ಈಗ 4,500 ಕೊಡುತ್ತಿದ್ದರು. ಒಂದು ಕಡೆಯಿಂದ 1,800 ಒಳಗೆ ಬಂದರೆ ಇನ್ನೊಂದು ಕಡೆಯಿಂದ 1,500 ಜಾರಿ ಹೋಗಿತ್ತು.

ಇಂಥ ಲೆಕ್ಕ ಕಂಡ ತಕ್ಷಣ ನಮ್ಮ ಮನಸ್ಸು ಕುಡಿತದ ಕಡೆ ಹೋಗುತ್ತದೆ, ಅಲ್ವಾ? ನನ್ನದೂ ಹೋಯಿತು. ಆದರೆ ಮಗಳು ನೋಟ್‌ಬುಕ್ ಹಿಡಿದು ಅಪ್ಪನನ್ನು ಕೇಳಿದಾಗ ಅವರು ತುಂಬ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಹೇಳಿದರು. ಸೊಂಟ ನೋವು ಹೋಗಿರಲಿಲ್ಲ. ಇಂಜೆಕ್ಷನ್ ಹಾಕಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು, ಮನೆಯಲ್ಲಿ ಹೇಳುತ್ತಿರಲಿಲ್ಲ. "ಅಮ್ಮಂಗೆ ದುಡ್ಡು ಬರೋಕೆ ಶುರುವಾದ್ಮೇಲೆ ವಾರಕ್ಕೊಂದಿನ ಸಿಮೆಂಟ್ ಮೂಟೆ ಹೊರೋ ಕೆಲ್ಸ ಬಿಟ್ಟೆ. ಊರಲ್ಲೇ ಯಾರ್ದಾದ್ರೂ ಜಗಲಿ ಮೇಲೆ ಮಲಗ್ತಿದ್ದೆ. ಮನೇಲಿ ಮಲಗಿದ್ರೆ ನೀವು ಕೇಳ್ತೀರ ಅಂತ."

ಈ ಪ್ರಕರಣದಲ್ಲಿ ನಾನು ತುಂಬ ಸಲ ನೆನೆಸಿಕೊಳ್ಳುವುದು ಈ ಮಾತನ್ನೇ. ಹೊರಗಿನಿಂದ ಲೆಕ್ಕ ಹಾಕುವವರಿಗೆ ಇವರು ದುಡಿಮೆ ಕಮ್ಮಿ ಮಾಡಿದ ಗಂಡಸು. ವಾರಕ್ಕೆ ಒಂದು ದಿನ ಕೆಲಸ ತಪ್ಪಿಸಿದವರು. ಆದರೆ ಆ ಹಣ ಕೊಂಡದ್ದು ಒಂದು ಮುರಿದ ಸೊಂಟಕ್ಕೆ ವಾರದಲ್ಲಿ ಒಂದು ದಿನದ ರಜೆ. ಆ ರಜೆ ಅವರಿಗೆ ಎರಡು ವರ್ಷದ ಹಿಂದೆಯೇ ಸಿಗಬೇಕಿತ್ತು. ದುಡಿದ ದಿನಗಳನ್ನಷ್ಟೇ ಎಣಿಸಿದರೆ ಇದು ಯಾವತ್ತೂ ಕಾಣುವುದಿಲ್ಲ.

ಮಧ್ಯಪ್ರದೇಶದಲ್ಲಿ 2011-12ರ ಸುಮಾರಿಗೆ ‘ಸೇವಾ’ (SEWA) ಎಂಬ ದುಡಿಯುವ ಹೆಂಗಸರ ಸಂಘಟನೆ ಯುನಿಸೆಫ್ ನೆರವಿನಿಂದ ಒಂದು ಪ್ರಯೋಗ ನಡೆಸಿತ್ತು. ಎಂಟು ಹಳ್ಳಿಗಳಲ್ಲಿ ಪ್ರತಿಯೊಬ್ಬ ದೊಡ್ಡವರಿಗೂ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ, ಯಾವ ಷರತ್ತೂ ಇಲ್ಲದೆ. ಆಮೇಲೆ ಅದನ್ನು 300 ಮತ್ತು 150 ಮಾಡಿದರು. ಅಲ್ಲಿ ಜನ ಕೈಕಟ್ಟಿ ಕೂರಲಿಲ್ಲ. ಎಷ್ಟೋ ಜನ ಕೂಲಿ ಕಮ್ಮಿ ಮಾಡಿ ಸ್ವಂತ ಹೊಲದ ಕೆಲಸಕ್ಕೆ ಹೊರಳಿದರು. ದುಡಿಮೆ ಕಮ್ಮಿಯಾಯಿತಾ ಅಂತ ಕೇಳುವಾಗ ಯಾವ ದುಡಿಮೆ ಅಂತಲೂ ಕೇಳಬೇಕು.

ಚೀಟಿ

ನೋಟ್‌ಬುಕ್ ನೋಡಿದ ಮೇಲೆ ಅತ್ತೆ ಸೊಸೆ ಮೊದಲ ಸಲ ಒಟ್ಟಿಗೆ ಕೂತು ಮಾತಾಡಿದರು. ಹೀಗೆ ಚೂರು ಚೂರು ಬಂದು ಚೂರು ಚೂರು ಹೋದರೆ ಸಾಲದ ಅಸಲು ಯಾವತ್ತೂ ತೀರುವುದಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಬೇಕಾದದ್ದು ಗಂಟು. ಗಂಗಮ್ಮ ಕೇರಿಯಲ್ಲಿ ಓಡಾಡಿ ಇನ್ನೂ ಒಂಬತ್ತು ಹೆಂಗಸರನ್ನು ಸೇರಿಸಿದರು. ಎಲ್ಲರೂ ಗೃಹಲಕ್ಷ್ಮಿ ಪಡೆಯುವವರು. ತಲಾ 2,000, ಹತ್ತು ತಿಂಗಳು. ಹರಾಜು ಕೂಗುವ ಚೀಟಿ ಅಲ್ಲ, ಹೆಸರು ಎತ್ತುವ ಚೀಟಿ. ಯಾರ ಹೆಸರು ಬಂತೋ ಅವರಿಗೆ 20,000 ಪೂರ್ತಿ. 2024ರ ಫೆಬ್ರವರಿಯಲ್ಲಿ ಶುರು ಮಾಡಿದರು.

ಕಂತು ಪೂರ್ತಿ ಚೀಟಿಗೆ ಹೋದರೆ ಮನೆ ಹೇಗೆ ನಡೆಯಬೇಕು? ಗಂಡನ ರಜೆ ಕಿತ್ತುಕೊಳ್ಳಬಾರದು ಎಂದು ಸವಿತಾಳೇ ಹೇಳಿದರು. ಗಂಗಮ್ಮನ 1,200 ಪಿಂಚಣಿ ಅಂಗಡಿಗೆ ಅಂತ ಆಯಿತು. ಸವಿತಾ ನರೇಗಾ ಕೆಲಸ ಬಿಡದೆ ಹೋದರು. ಆ ವರ್ಷ ಮಾರ್ಚ್‌ವರೆಗೆ ದಿನಕ್ಕೆ 316 ಇತ್ತು, ಏಪ್ರಿಲ್‌ನಿಂದ 349 ಆಯಿತು. ಆದರೂ ಆ ನಾಲ್ಕು ತಿಂಗಳು ಬಿಗಿಯಾಗಿತ್ತು. ಉದ್ರಿ ಇಳಿಯಲಿಲ್ಲ, ಸ್ವಲ್ಪ ಏರಿತು.

ಮೇ ತಿಂಗಳಲ್ಲಿ ಅವರ ಹೆಸರು ಬಂತು. 15,000 ಕೊಟ್ಟು ಕೈಸಾಲ ಹರಿದರು. ಉಳಿದ 5,000 ಮಗಳ ಡಿಗ್ರಿ ಕಾಲೇಜಿಗೆ, ಪುಸ್ತಕಕ್ಕೆ. ತಾಲ್ಲೂಕಿನ ಕಾಲೇಜಿಗೆ ದಿನಾ ಬಸ್ಸಿನ ಖರ್ಚು ಹೇಗೆ ಎಂಬ ಚಿಂತೆ ಇರಲಿಲ್ಲ. ಶಕ್ತಿ ಯೋಜನೆ ಒಂದು ವರ್ಷದ ಹಿಂದೆ, 2023ರ ಜೂನ್ 11ರಂದೇ, ಶುರುವಾಗಿತ್ತು. ಅದು ಇಲ್ಲದಿದ್ದರೆ ಈ 5,000 ಸಾಲುತ್ತಿರಲಿಲ್ಲ.

ತಿಂಗಳಿಗೆ 750 ರೂಪಾಯಿ ಬಡ್ಡಿ ನಿಂತಿತು. ಅಂದರೆ 2,000 ರೂಪಾಯಿ ಕಂತು ಈ ಮನೆಗೆ 2,750 ಆಯಿತು. ಆ 750 ಇನ್ನು ಪ್ರತಿ ತಿಂಗಳೂ ಅವರದ್ದೇ. ಸವಿತಾ ಆ ತಿಂಗಳು ಇನ್ನೊಂದು ಕೆಲಸ ಮಾಡಿದರು. ಜಮೀನುದಾರರ ಮನೆಯಿಂದ ಮುಂಗಡ ಬೇಕಾ ಅಂತ ಕೇಳಿ ಕಳಿಸಿದಾಗ ಬೇಡ ಎಂದರು. ಬಿತ್ತನೆ ಸಮಯಕ್ಕೆ ಬೇರೆ ಹೊಲಕ್ಕೆ 350ಕ್ಕೆ ಹೋದರು.

ಕೀನ್ಯಾದಲ್ಲಿ ಗಿವ್‌ಡೈರೆಕ್ಟ್ಲಿ ಎಂಬ ಸಂಸ್ಥೆ ಹಳ್ಳಿಗರಿಗೆ ಷರತ್ತಿಲ್ಲದೆ ಹಣ ಕೊಡುತ್ತಿದೆ. ಕೆಲವು ಹಳ್ಳಿಗಳಿಗೆ ಹನ್ನೆರಡು ವರ್ಷ ತಿಂಗಳು ತಿಂಗಳು, ಕೆಲವಕ್ಕೆ ಎರಡೇ ವರ್ಷ, ಇನ್ನು ಕೆಲವಕ್ಕೆ ಒಂದೇ ಸಲ ಗಂಟು. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಗಾರರು ಅದನ್ನು ಅಧ್ಯಯನ ಮಾಡಿ 2023ರಲ್ಲಿ ಬರೆದರು. ಹನ್ನೆರಡು ವರ್ಷ ಬರುತ್ತದೆ ಎಂದು ಗೊತ್ತಿದ್ದವರು ನಮ್ಮ ಚೀಟಿಯಂಥ ಗುಂಪು ಕಟ್ಟಿಕೊಂಡು ತಿಂಗಳ ಹಣವನ್ನು ಗಂಟು ಮಾಡಿಕೊಂಡಿದ್ದರು. ಅದರಿಂದ ಸಣ್ಣ ವ್ಯಾಪಾರ ಮಾಡಿದ್ದರು. ಎರಡೇ ವರ್ಷ ಸಿಕ್ಕವರಲ್ಲಿ ಅಷ್ಟು ಬದಲಾವಣೆ ಇರಲಿಲ್ಲ. ಇದನ್ನು ಓದಿದಾಗ ನನಗೆ ಗಂಗಮ್ಮನ ಚೀಟಿ ನೆನಪಾಯಿತು. ನಾಳೆಯೂ ಬರುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ಹತ್ತು ಜನ ಚೀಟಿಗೆ ಸೇರುತ್ತಾರೆ.

ಕಂತು ಬಾರದ ತಿಂಗಳು

ಮಳೆಗಾಲ ಶುರುವಾದಾಗ ಕಂತು ಬರಲಿಲ್ಲ. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಕಾದರು. ಚೀಟಿ ಎತ್ತುವ ದಿನ ಬಂದೇ ಬಿಟ್ಟಿತು. ತಾವು ಎತ್ತಿಕೊಂಡಾಗಿದೆ, ಈಗ ಕಟ್ಟದಿದ್ದರೆ ಮಾತು ಹೋಗುತ್ತದೆ ಎಂದು ಸವಿತಾಗೆ ಸಂಕಟ. ಯಾರಿಗೂ ಹೇಳದೆ ಹೋಗಿ ಅದೇ ಜಮೀನುದಾರರ ಹತ್ತಿರ 2,000 ಮುಂಗಡ ತಂದು ಕಟ್ಟಿದರು.

ಅದರ ಬೆಲೆ ಎಷ್ಟು? 250ರ ಲೆಕ್ಕದಲ್ಲಿ ಎಂಟು ದಿನದ ಕೆಲಸ. ಅದೇ ಎಂಟು ದಿನ ಹೊರಗೆ ದುಡಿದಿದ್ದರೆ 2,800 ಸಿಗುತ್ತಿತ್ತು. ಒಂದು ಕಂತು ತಡವಾದದ್ದಕ್ಕೆ ಈ ಮನೆ 800 ರೂಪಾಯಿ ಕಳೆದುಕೊಂಡಿತು. ಕಂತು ಆಮೇಲೆ ಬಂತು, ನಿಜ. ಆದರೆ ಕಳೆದ 800ನ್ನು ಅದು ಹೊತ್ತು ತರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಆ ತಿಂಗಳದ್ದೂ 2,000, ಬೇರೆ ತಿಂಗಳದ್ದೂ 2,000. ಈ ಮನೆಯ ನೋಟ್‌ಬುಕ್ಕಿನಲ್ಲಿ ಅದು 1,200.

ಮುಂದಿನ ತಿಂಗಳೂ ಬರಲಿಲ್ಲ. ಆಗ ಚೀಟಿಯಲ್ಲಿದ್ದ ದೊಡ್ಡ ತಪ್ಪು ಕಾಣಿಸಿತು. ಸಾಮಾನ್ಯವಾಗಿ ಒಬ್ಬರಿಗೆ ತೊಂದರೆಯಾದರೆ ಬೇರೆಯವರು ಒಂದು ತಿಂಗಳು ತುಂಬುತ್ತಾರೆ. ಇಲ್ಲಿ ಹತ್ತೂ ಜನರ ದುಡ್ಡು ಒಂದೇ ಕಡೆಯಿಂದ ಬರುತ್ತಿತ್ತು. ನಿಂತಾಗ ಹತ್ತೂ ಜನರಿಗೆ ಒಟ್ಟಿಗೇ ನಿಂತಿತು. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಸಂಘಗಳ ಲೆಕ್ಕ ನೋಡುವವಳು ನಾನು. ನನಗೆ ಹೊಳೆಯಲಿಲ್ಲ.

ಜಗಲಿಯ ಮೇಲೆ ಎಲ್ಲರೂ ಸೇರಿದರು. ಮಾತು ಬಿಸಿಯಾಯಿತು. ಎತ್ತಿಕೊಂಡವರು ಹೇಗಾದರೂ ಕಟ್ಟಲಿ ಎಂದು ಎತ್ತಿಕೊಳ್ಳದವರು ಹೇಳಿದರು. ಅದರಲ್ಲಿ ತಪ್ಪೇನೂ ಇಲ್ಲ. ಚೀಟಿ ಒಡೆದುಬಿಡೋಣ ಎಂದರು ಕೆಲವರು. ಒಡೆದರೆ ಎತ್ತಿಕೊಂಡ ಐದು ಜನ ಒಂದೇ ಸಲ ದುಡ್ಡು ವಾಪಸ್ ಕೊಡಬೇಕು, ಅದು ಯಾರಿಂದ ಆಗುತ್ತದೆ? ಆಗ ಗಂಗಮ್ಮ ಬಾಯಿಬಿಟ್ಟರು. "ದುಡ್ಡು ಬಂದ ತಿಂಗ್ಳೇ ಚೀಟಿ ತಿಂಗ್ಳು. ಬರ್ದಿದ್ರೆ ಚೀಟಿ ಇಲ್ಲ. ಎರಡು ತಿಂಗ್ಳದ್ದು ಒಟ್ಗೆ ಬಂದ್ರೆ ಎರಡು ಚೀಟಿ ಎತ್ತೋಣ. ಯಾರೂ ಸಾಲ ಮಾಡಿ ಕಟ್ಬೇಡ್ರವ್ವ." ಸೊಸೆ ಮುಂಗಡ ತಂದದ್ದು ಅವರಿಗೆ ಅಷ್ಟರಲ್ಲಿ ಗೊತ್ತಾಗಿತ್ತು ಅಂತ ಕಾಣುತ್ತದೆ.

ಎಲ್ಲರೂ ಒಪ್ಪಿದರು. ಒಬ್ಬರಿಗೆ ಮಾತ್ರ ಕಾಯುವ ಹಾಗಿರಲಿಲ್ಲ. ಅವರ ಮಗಳ ಹೆರಿಗೆ ಹತ್ತಿರವಿತ್ತು. ಅವರಿಗೆ ನಮ್ಮ ಸಂಘದ ಉಳಿತಾಯದಿಂದ 5,000 ಸಾಲ ಕೊಟ್ಟೆವು. ನೂರಕ್ಕೆ ಒಂದು ರೂಪಾಯಿ ಬಡ್ಡಿ.

ಬಾಕಿ ಕಂತುಗಳು ಆಮೇಲೆ ಬಂದವು. ಹೇಳಿದ ಹಾಗೆ ಎರಡು ಚೀಟಿ ಒಟ್ಟಿಗೆ ಎತ್ತಿದರು. ಒಬ್ಬರ ಮನೆಯಲ್ಲಿ ಗಂಡ ಆ ದುಡ್ಡು ತೆಗೆದುಕೊಂಡು ಹೋಗಿಬಿಟ್ಟಿದ್ದರು. ಅವರು 500, 500 ಅಂತ ಎಂಟು ಸಲ ಕೊಟ್ಟು ತೀರಿಸಿದರು. ಉಳಿದ ಒಂಬತ್ತು ಜನ ಕಾದರು. ಹತ್ತು ತಿಂಗಳಲ್ಲಿ ಮುಗಿಯಬೇಕಿದ್ದ ಚೀಟಿ ಹದಿಮೂರು ತಿಂಗಳಿಗೆ ಮುಗಿಯಿತು. ಯಾರ ದುಡ್ಡೂ ಮುಳುಗಲಿಲ್ಲ.

ಈಗ

2025ರ ಜೂನ್ ಹೊತ್ತಿಗೆ ಹದಿನೆಂಟು ತಿಂಗಳಾಗಿತ್ತು. ಕೈಸಾಲ ಇಲ್ಲ. ಮಗಳು ಬಿ.ಕಾಂ ಎರಡನೇ ವರ್ಷ. ಸವಿತಾಳ ಗಂಡ ಈಗ ರಜೆಯ ದಿನ ಮನೆಯಲ್ಲೇ ಮಲಗುತ್ತಾರೆ. ಸೊಂಟ ಪೂರ್ತಿ ಸರಿ ಹೋಗಿಲ್ಲ. ಮನೆಯ ಹಿಂದಿನ ಗೋಡೆ ಈ ಮಳೆಯಲ್ಲೂ ಸೋರಿತು. ಉದ್ರಿ ಇದೆ, ಆದರೆ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿಲ್ಲ. ಎರಡು ಸಾವಿರದಿಂದ ಈ ಮನೆಯ ಬಡತನ ಹೋಯಿತು ಅಂತ ನಾನು ಹೇಳುವುದಿಲ್ಲ. ಒಂದು ಸಾಲದ ಬುಡ ಕಿತ್ತಿತು. ಒಂದು ಕೂಲಿಗೆ ಬೇಡ ಎನ್ನುವ ಧೈರ್ಯ ಕೊಟ್ಟಿತು. ಕಂತು ತಪ್ಪಿದ ತಿಂಗಳು ಆ ಧೈರ್ಯವೂ ಹೋಯಿತು, ಮತ್ತೆ ಬರಲು ಸಮಯ ಬೇಕಾಯಿತು.

ನಮ್ಮಂಥ ಕೆಲಸ ಮಾಡುವವರಿಗೆ ನಾನು ಮುಖ್ಯವಾಗಿ ಹೇಳಬೇಕಾದ್ದು ಎರಡು. ಹಣ ಬರುವ ದಿನವನ್ನು ಬರೆಸಿ, ಮೊತ್ತವನ್ನಷ್ಟೇ ಬರೆಸಬೇಡಿ. ತಡವಾದದ್ದಕ್ಕೆ ಮನೆ ಏನು ತೆತ್ತಿತು ಎಂದು ಲೆಕ್ಕ ಹಾಕಿ ತೋರಿಸಿದರೆ ಮೇಲಿನವರ ಹತ್ತಿರ ಮಾತಾಡಲು ನಮ್ಮ ಕೈಯಲ್ಲಿ ಏನಾದರೂ ಇರುತ್ತದೆ. ಇನ್ನೊಂದು, ಕಾರ್ಡಿನಲ್ಲಿ ಹೆಸರು ಯಾರದ್ದು ಎಂಬ ಜಗಳಕ್ಕೆ ಕೈ ಹಾಕುವ ಮೊದಲು ಮನೆಯ ಲೆಕ್ಕ ಬರೆಸಿ ನೋಡಿ. ನಾನು ಮೊದಲು ಜಗಳಕ್ಕೆ ಕೈ ಹಾಕಿದೆ.

ಈಗ ಎರಡನೇ ಚೀಟಿ ಶುರುವಾಗಿದೆ. ಈ ಸಲ ಹತ್ತು ಜನರಲ್ಲಿ ನಾಲ್ವರು ಬೇರೆ ಆದಾಯದವರು. ಒಬ್ಬರು ಅಂಗನವಾಡಿ ಸಹಾಯಕಿ, ಒಬ್ಬರು ಹೂ ಕಟ್ಟಿ ಮಾರುವವರು, ಇಬ್ಬರು ಡೇರಿಗೆ ಹಾಲು ಹಾಕುವವರು.

ಮೊನ್ನೆ ಹೋದಾಗ ಗಂಗಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ತಾವು ಹೋದ ಮೇಲೆ ಕಂತು ನಿಂತುಹೋಗುತ್ತಾ ಎಂದು ಕೇಳಿದರು. ನಿಲ್ಲುತ್ತದೆ, ಸವಿತಾ ಹೆಸರಿಗೆ ಕಾರ್ಡ್ ಆಗಿ ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿದರು. "ಹಂಗಾದ್ರೆ ನಾನಿದ್ದಾಗ್ಲೇ ಅವ್ಳ ಹೆಸರಿಗೆ ಮಾಡ್ಸೋಕೆ ಆಗುತ್ತಾ, ನೋಡಿ ಹೇಳವ್ವ" ಎಂದರು. ಒಳಗೆ ಸವಿತಾ ರಾಗಿ ಬೀಸಿಕೊಂಡು ಬಂದ ಹಿಟ್ಟನ್ನು ಡಬ್ಬಕ್ಕೆ ತುಂಬುತ್ತಿದ್ದರು. ಅವರಿಗೆ ಇನ್ನೂ ಹೇಳಿಲ್ಲ.